ಬೇಗ ಹುಟ್ಟಿದ ಮಗಳು, ಒಂದು ನಿಮಿಷವೂ ಕಾಯುವುದಿಲ್ಲ: ನಿಮ್ಮ ಅನುಭವ ಹೇಳಿ

ಕಾರವಾರದಿಂದ ಕೇಳಿದ್ದು:
ಮಗಳಿಗೆ ಆರು ವರ್ಷ. 30 ವಾರಕ್ಕೇ ಹುಟ್ಟಿದವಳು, ಆಗ 1.3 ಕೆ.ಜಿ. ಇದ್ದಳು. ಈಗ ಆರೋಗ್ಯವಾಗಿದ್ದಾಳೆ. ಆದರೆ ಬೇಕು ಅಂದಿದ್ದು ತಕ್ಷಣ ಸಿಗದಿದ್ದರೆ ಅರ್ಧ ಗಂಟೆ ಅಳು. ಮನೆಯಲ್ಲಿ "ಮುದ್ದು ಜಾಸ್ತಿಯಾಯ್ತು" ಅನ್ನುತ್ತಾರೆ. ದೊಡ್ಡವಳಾದ ಮೇಲೆ ಮನಸ್ಸಿಗೆ ತೊಂದರೆ ಆದೀತಾ ಅಂತ ನನಗೆ ಭಯ. ಇಂಥ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ಹೇಳಿ.

ಶಿರಸಿ ಹತ್ತಿರದ ಹಳ್ಳಿಯ ಅಮ್ಮ:
ತಂಗಿ, ಆ "ಮುದ್ದು ಜಾಸ್ತಿ" ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ನನ್ನ ಮಗ 29 ವಾರಕ್ಕೆ ಹುಟ್ಟಿದವನು, ಈಗ ಹದಿನಾರು. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಮೆದುಳು ಭರದಿಂದ ಬೆಳೆಯುತ್ತದೆ. ಬೇಗ ಹುಟ್ಟಿದವರಿಗೆ ಆ ಬೆಳವಣಿಗೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಸೂಜಿ ನಳಿಗೆಗಳ ನಡುವೆ ಆಗಿರುತ್ತದೆ. ಅದಕ್ಕೇ ತಡೆದುಕೊಳ್ಳುವುದು, ಗಮನ ಇಡುವುದು ಕೆಲವರಿಗೆ ನಿಧಾನ.

ಅವನಿಗೆ ಐದಾಗಿದ್ದಾಗ ಆಲೆಮನೆಯಲ್ಲಿ ತೊಡದೇವು ಅನ್ನುವ ತೆಳು ಸಿಹಿತಿಂಡಿ ಮಾಡುತ್ತಿದ್ದರು. ಬೋರಲು ಹಾಕಿದ ಗಡಿಗೆಯ ಮೇಲೆ ಹಿಟ್ಟು ಬಳಿದು, ಅದು ಒಣಗಿ ಏಳುವವರೆಗೆ ಕಾಯಬೇಕಲ್ವಾ? ಇವನು ಬಿಸಿ ಗಡಿಗೆಗೇ ಕೈ ಹಾಕಲು ಹೋದ. ಎಳೆದೆ, ನೆಲಕ್ಕೆ ಬಿದ್ದು ಅತ್ತ. ನನ್ನ ದೊಡ್ಡಮ್ಮ ಬೈಯಲಿಲ್ಲ. ತುಪ್ಪದ ಬಟ್ಟಲನ್ನು ಅವನ ಕೈಗೆ ಕೊಟ್ಟು, "ತಮಾ, ಅಂಚು ಎದ್ದ ಕೂಡ್ಲೆ ನಂಗೆ ಹೇಳು" ಅಂದರು. ಉಸಿರು ಬಿಗಿಹಿಡಿದು ಗಡಿಗೆಯನ್ನೇ ನೋಡುತ್ತ ಕೂತ. ನಾಲ್ಕು ತೊಡದೇವು ಏಳುವವರೆಗೆ! ಅಂದಿನಿಂದ "ಸುಮ್ನೆ ಕೂತ್ಕೋ" ಅನ್ನುವುದನ್ನು ಬಿಟ್ಟೆ. ಕಾಯಬೇಕಾದಾಗ ಕೈಗೊಂದು ಕೆಲಸ ಕೊಡುತ್ತಿದ್ದೆ. ಎಷ್ಟು ಹೊತ್ತು ಅಂತ ಮೊದಲೇ ಹೇಳುತ್ತಿದ್ದೆ, ಹೇಳಿದ ಹೊತ್ತಿಗೆ ತಪ್ಪದೆ ಕೊಡುತ್ತಿದ್ದೆ.

ನಾನು ತಪ್ಪಿದ್ದು ಬೇರೆ ಕಡೆ. ಮನೆಗೆ ಯಾರೇ ಬಂದರೂ "ಇವನು ಅಂಗೈಯಷ್ಟು ಇದ್ದ, ಉಳಿದಿದ್ದೇ ದೊಡ್ಡದು" ಅಂತ ಅವನೆದುರೇ ಹೇಳುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಬಂದಾಗ ಪರೀಕ್ಷೆ ಅಂದರೆ ಹೊಟ್ಟೆನೋವು ಶುರುವಾಯಿತು. ಗೆಳೆಯರ ಮನೆಗೆ ಹೋಗುವುದು ನಿಂತಿತು. ಒಂದು ರಾತ್ರಿ ಕೇಳಿದ: "ಅಮ್ಮಾ, ನಾನು ಅರ್ಧಕ್ಕೇ ಹುಟ್ಟಿದ್ದಕ್ಕೆ ಹೀಗಾ?" ನನಗೆ ಮಾತೇ ಹೊರಡಲಿಲ್ಲ. ಮರುವಾರವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ತುಂಬ ಬೇಗ ಹುಟ್ಟಿದವರಲ್ಲಿ ಪುಂಡಾಟಕ್ಕಿಂತ ಒಳಗೊಳಗಿನ ಆತಂಕವೇ ಜಾಸ್ತಿ ಅಂತ ಡಾಕ್ಟರು ಹೇಳಿದರು. ಕೌನ್ಸೆಲಿಂಗ್ ಎಂಟು ತಿಂಗಳು ನಡೆಯಿತು. ಈಗ ಪರೀಕ್ಷೆಯ ಹಿಂದಿನ ದಿನ ಮಾತ್ರ ಊಟ ಸೇರುವುದಿಲ್ಲ. ಗಲಾಟೆ ಮಾಡಿದ್ದರೆ ಬೇಗ ಗೊತ್ತಾಗುತ್ತಿತ್ತೇನೋ. ಸುಮ್ಮನಾದ ಅಂತ ನಾನು ಒಂದು ವರ್ಷ ನೆಮ್ಮದಿಯಾಗಿದ್ದೆ.

ಕುಮಟಾದಿಂದ, ನಿವೃತ್ತ ನರ್ಸ್:
ಜರ್ಮನಿಯ ಬವೇರಿಯಾದಲ್ಲಿ 1985-86ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತ ಬಂದಿದ್ದಾರೆ. 20 ತಿಂಗಳ ಮಗುವಿನ ಎದುರು ಒಣದ್ರಾಕ್ಷಿ ಇಟ್ಟು, ಲೋಟ ಮುಚ್ಚಿ, 60 ಸೆಕೆಂಡು ಕಾಯಲು ಹೇಳಿದ್ದರು. ತುಂಬ ಬೇಗ ಹುಟ್ಟಿದವರಿಗೆ ಕಾಯುವುದು ಜಾಸ್ತಿ ಕಷ್ಟವಾಯಿತು. ಕಾದವರಿಗೆ 8 ವರ್ಷದಲ್ಲಿ ಗಮನ, ಓದು ಚೆನ್ನಾಗಿತ್ತು. ಆದರೆ ಅದು ಎಷ್ಟೋ ಮಕ್ಕಳ ಸರಾಸರಿ. ನಿಮ್ಮ ಮಗಳ ಹಣೆಬರಹ ಅದರಲ್ಲಿ ಇಲ್ಲ, ಹೆದರಬೇಡಿ. ಕಣ್ಣು, ಕಿವಿ ಒಮ್ಮೆ ತೋರಿಸಿ. ಸರಿಯಾಗಿ ಕಾಣದ ಮಗುವೂ ಚಡಪಡಿಸುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ ಉಚಿತ.

ಅಂಕೋಲಾದಿಂದ, ಡಿಗ್ರಿ ಓದುತ್ತಿರುವವಳು:
ನಾನೇ 31 ವಾರದವಳು. ಹೈಸ್ಕೂಲಲ್ಲಿ ಸಿಟ್ಟು ಬಂದರೆ ತಡೆಯಲು ಆಗುತ್ತಿರಲಿಲ್ಲ, ಆಮೇಲೆ ಎರಡು ದಿನ ನಾಚಿಕೆ. ಅಪ್ಪ ಏನೂ ಕೇಳದೆ ಸಂಜೆ ಸಮುದ್ರದ ದಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ಅರ್ಧ ದಾರಿಯಾದ ಮೇಲೆ ನಾನೇ ಮಾತು ತೆಗೆಯುತ್ತಿದ್ದೆ. ಎದುರು ಕೂರಿಸಿ ಕೇಳಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲೂ ಹೇಳಲಾಗದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿದ್ದೇನೆ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಾರವಾರದಿಂದ ಮತ್ತೆ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ನೀರುದೋಸೆ ಹೊಯ್ಯುವಾಗ "ಮುಚ್ಚಳದ ಸಂದಿಯಿಂದ ಹಬೆ ಬಂತಾ ನೋಡಿ ಹೇಳು" ಅಂದೆ. ಮೂರು ದೋಸೆವರೆಗೆ ಕಾದಳು. ನಾಲ್ಕನೆಯದಕ್ಕೆ ಅತ್ತಳು.