ನಿಘಂಟು ಮುಟ್ಟದ ಮಗಳು: ನೀವೇನು ಮಾಡಿದಿರಿ?

ಪ್ರಶ್ನೆ, ಹಾಸನದ ತಾಯಿಯೊಬ್ಬರಿಂದ:
ಮಗಳು ಆರನೇ ಕ್ಲಾಸು. ಪ್ರಬಂಧದಲ್ಲಿ ‘ಮಳೆ ಸಕತ್ತಾಗಿ ಬಂತು’ ಎಂದು ಬರೆದಿದ್ದಳು. ಮೇಷ್ಟ್ರು ಕೆಂಪು ಗೆರೆ ಎಳೆದು ‘ನಿಘಂಟು ನೋಡು’ ಅಂದಿದ್ದಾರೆ. ಮನೆಯಲ್ಲಿ ನಿಘಂಟು ಇದೆ. ಐದು ನಿಮಿಷ ಹುಡುಕಿ ‘ಇದರಲ್ಲಿ ಏನೂ ಸಿಗಲ್ಲ’ ಎಂದು ಮುಚ್ಚಿಡುತ್ತಾಳೆ. ಏನು ಮಾಡಲಿ?

ಶಿವಮೊಗ್ಗ ಕಡೆಯ ಶಿಕ್ಷಕಿ:
‘ಏನೂ ಸಿಗಲ್ಲ’ ಅನ್ನುವುದು ಸೋಮಾರಿತನದ ಮಾತಲ್ಲ, ನಂಬಿ. ಮಕ್ಕಳು ಪಾಠದಲ್ಲಿ ಕಂಡ ಪದವನ್ನು ಹಾಗೇ ಹುಡುಕುತ್ತಾರೆ. ಪಾಠದಲ್ಲಿ ‘ತಂದಳು’ ಇರುತ್ತದೆ, ನಿಘಂಟಿನಲ್ಲಿ ‘ತರು’. ‘ಮಳೆಗಾಲ’ ಬಿಡಿಸಿ ‘ಗಾಲ’ ಹುಡುಕಿದ ಹುಡುಗ ನನ್ನ ಕ್ಲಾಸಿನಲ್ಲೇ ಇದ್ದ. ಕ ಹೋಗಿ ಗ ಬಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವತ್ತಿನಿಂದ ಸಂಧಿ ಪಾಠವನ್ನು ನಿಘಂಟು ಮುಂದಿಟ್ಟುಕೊಂಡೇ ಮಾಡುತ್ತೇನೆ. ದಿನಕ್ಕೆ ಮೂರು ಪದ ಸಾಕು. ಮೂಲ ರೂಪ ಏನಿರಬಹುದು ಎಂದು ಮೊದಲು ಊಹಿಸಿ ಬರೆಯಬೇಕು, ಆಮೇಲೆ ಪುಟ ತಿರುವಬೇಕು. ಊಹೆ ನಿಜವಾದಾಗ ಅವರ ಮುಖ ನೋಡಬೇಕು ನೀವು!

ಇನ್ನು ಹೊಸ ಪದದ ವಿಷಯ. ಒಮ್ಮೆ ಪವರ್ ಬ್ಯಾಂಕ್‌ಗೆ ಕನ್ನಡದಲ್ಲಿ ಏನನ್ನೋಣ ಎಂದು ಕೇಳಿದೆ. ನಾನು ‘ವಿದ್ಯುತ್ ಸಂಚಯ’ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ‘ಕರೆಂಟ್ ಬುತ್ತಿ’ ಅಂದಳು. ಹೊರಗೆ ಹೋಗುವಾಗ ಕಟ್ಟಿಕೊಂಡು ಹೋಗುವುದು ಬುತ್ತಿ ತಾನೇ ಎಂದು ಕಾರಣವನ್ನೂ ಕೊಟ್ಟಳು. ವಾರದೊಳಗೆ ಬೇರೆ ಕ್ಲಾಸಿನವರೂ ಅದನ್ನೇ ಹೇಳುತ್ತಿದ್ದರು. ನನ್ನ ಪದವನ್ನು ಯಾರೂ ಎತ್ತಲಿಲ್ಲ. ಅವಳ ಪದ ಚೆನ್ನಾಗಿತ್ತು, ಅಷ್ಟೇ. ಹಾಗಾಗಿ ‘ಸಕತ್’ ಬರೆದ ಮಗುವಿಗೆ ಪದ ತಪ್ಪು ಅನ್ನಬೇಡಿ. ಗೆಳತಿಗೆ ಹೇಳುವಾಗ ಸರಿ, ಪ್ರಬಂಧಕ್ಕೆ ಇನ್ನೊಂದು ಹುಡುಕೋಣ ಅನ್ನಿ.

ಮೈಸೂರಿನ ನಿವೃತ್ತರೊಬ್ಬರು:
ಬುತ್ತಿಯ ಕಥೆ ಓದಿ ತುಂಬ ಖುಷಿಯಾಯಿತಮ್ಮ. ನಮ್ಮೂರಲ್ಲೂ ಹೀಗೇ ಆಗಿತ್ತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಅದು ‘ಆಕಾಶವಾಣಿ’ ಆಯಿತು. ಪುರಾಣದ ಕಥೆಗಳಲ್ಲಿ ಎಲ್ಲರೂ ಕೇಳಿದ್ದ ಪದವೇ, ಕೆಲಸ ಮಾತ್ರ ಹೊಸದು. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಹೊರಗಿನಿಂದ ಬಂದ ಪದಗಳೂ ಕಡಿಮೆಯೇನಿಲ್ಲ. ಕುರ್ಚಿ ಅರಬ್ಬಿ ಮೂಲದ್ದು, ಚಾವಿ ಪೋರ್ಚುಗೀಸರದು. ‘ಸಕತ್’ ಕೂಡ ಪಾರಸಿಯ ‘ಸಖ್ತ್’. ಅಲ್ಲಿ ಅದರ ಅರ್ಥ ಗಟ್ಟಿ, ಕಠಿಣ. ಇದನ್ನು ಮಗುವಿಗೆ ಹೇಳಿ, ಕಣ್ಣರಳಿಸುತ್ತಾಳೆ.

ಹುಬ್ಬಳ್ಳಿಯ ತಂದೆಯೊಬ್ಬರು:
ದಪ್ಪ ಪುಸ್ತಕ ಕಂಡರೆ ನಮ್ಮ ಹುಡುಗನೂ ದೂರ ಓಡುತ್ತಿದ್ದ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳಿವೆ. ಮೊದಲು ಮೊಬೈಲಿನಲ್ಲಿ ರುಚಿ ಹತ್ತಿತು, ಪುಸ್ತಕ ಆಮೇಲೆ. ಇನ್ನೊಂದು, ಅವನಿಗೆ ಸ್ವಂತ ಪದದ ನೋಟ್‌ಬುಕ್ ಇದೆ. ಪದ, ಯಾರು ಹೇಳಿದ್ದು, ಎಲ್ಲಿ ಕೇಳಿದ್ದು, ಇಷ್ಟೇ ಬರೆಯುತ್ತಾನೆ. ಸಂತೆಗೆ ಕರಕೊಂಡು ಹೋಗಿ, ಪುಟ ತುಂಬುತ್ತದೆ.

ಹಾಸನದ ತಾಯಿ, ನಾಲ್ಕು ದಿನದ ನಂತರ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೊದಲ ದಿನ ‘ಕಣ್ಗಾವಲು’ ಕೊಟ್ಟೆ. ‘ಗಾವಲು ಅಲ್ಲಮ್ಮ, ಕಾವಲು’ ಎಂದು ಕೂಗಿಕೊಂಡು ಕ ಇರುವ ಪುಟಗಳಿಗೆ ಹೋದಳು. ನಿನ್ನೆ ಅವಳೇ ಅಜ್ಜಿಯನ್ನು ಕೇಳಿದಳು, ಬಿಡದೆ ಸುರಿಯುವ ಮಳೆಗೆ ನೀವೇನಂತಿದ್ರಿ ಅಂತ. ‘ಜಡಿಮಳೆ’ ಅಂದರು ಅತ್ತೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಎರಡು ಪದಗಳಿವೆ. ಸಕತ್: ನಾನು, ಸ್ಕೂಲು. ಜಡಿಮಳೆ: ಅಜ್ಜಿ, ಜಗಲಿ.