ಸಹಾಯ ಬೇಕು: ಹೃದಯಾಘಾತದಲ್ಲಿ ಎನ್‌ಎಲ್‌ಆರ್‌ಗೆ ಯಾವ ಹೊತ್ತಿನ ಸಿಬಿಸಿ ಹಿಡಿಯಬೇಕು?

ಹೃದಯಾಘಾತವಾಗಿ ದಾಖಲಾದವರ ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಗಳಿಂದ ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ, ಅಂದರೆ ಎನ್‌ಎಲ್‌ಆರ್ ತೆಗೆಯುತ್ತಿದ್ದೇವೆ. ಒಟ್ಟು ಬಿಳಿ ರಕ್ತಕಣ 12,000, ನ್ಯೂಟ್ರೋಫಿಲ್ 80%, ಲಿಂಫೋಸೈಟ್ 12% ಇದ್ದರೆ 9,600 ಭಾಗಿಸು 1,440, ಅಂದರೆ 6.7. ಲೆಕ್ಕ ಸುಲಭ, ತೊಡಕಿರುವುದು ಹೊತ್ತಿನಲ್ಲಿ. ಎದೆನೋವು ಶುರುವಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಏರುತ್ತದೆ. ಮಾನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಏರುವುದು ಆಮೇಲೆ. 2ನೇ ಗಂಟೆಯ ಸ್ಯಾಂಪಲ್ಲನ್ನೂ 20ನೇ ಗಂಟೆಯದನ್ನೂ ಒಂದೇ ಕಾಲಮ್ಮಿಗೆ ಹಾಕಿದರೆ ಹೋಲಿಕೆಯೇ ಕೆಡುತ್ತದೆ.

ಸೋಂಕು ಇದ್ದವರನ್ನು, ಸ್ಟೀರಾಯ್ಡ್ ಪಡೆದವರನ್ನು ಬಿಟ್ಟಿದ್ದೇವೆ (ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸಲು ಡೆಕ್ಸಾಮೆಥಾಸೋನ್ ಒಂದೇ ಸಾಕು).

ಕೇಸ್‌ಶೀಟ್‌ನಲ್ಲಿ ನೋವು ಶುರುವಾದ ಸಮಯವೇ ಇಲ್ಲದವರನ್ನು ಏನು ಮಾಡುವುದು? ದಾಖಲಾದ ಸಮಯ ಹಿಡಿಯಬಹುದೇ? ಸಕ್ಕರೆ ಕಾಯಿಲೆಯವರಲ್ಲಿ ನೋವೇ ಕಾಣಿಸಿಕೊಳ್ಳದಿರುವುದೂ ಉಂಟು. ಅವರನ್ನೆಲ್ಲ ಕೈಬಿಟ್ಟರೆ ಫಲಿತಾಂಶ ಒಂದು ಕಡೆಗೆ ವಾಲುತ್ತದೆ. ಇಂಥ ದತ್ತಾಂಶ ನಿಭಾಯಿಸಿದವರು, ಸಂಖ್ಯಾಶಾಸ್ತ್ರ ಬಲ್ಲವರು ದಯವಿಟ್ಟು ತಿಳಿಸಿ.