ದಾರಿ ಹುಡುಕುವುದು ಬಿಟ್ಟು ಉಪಗ್ರಹ ನಕ್ಷೆಯನ್ನು ಬೇರೆ ಯಾವುದಕ್ಕೆ ಬಳಸುತ್ತೀರಿ?

ಕೇಳಿದವರು: ಊರು ಅರಸೀಕೆರೆ ಕಡೆ, ಕೆಲಸ ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಊರಲ್ಲಿ ನಮ್ಮದು 2 ಎಕರೆ 10 ಗುಂಟೆ ತೆಂಗಿನ ತೋಟ. ಅಪ್ಪ ಒಬ್ಬರೇ ನೋಡಿಕೊಳ್ಳುತ್ತಾರೆ. ಈ ಸಲ ಸುತ್ತ ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿಸಬೇಕು ಅಂತ ಇದ್ದೇವೆ. ಬೇಲಿಯವರು ಫೋನಿನಲ್ಲಿ "ಸುತ್ತಳತೆ ಎಷ್ಟು ಅಡಿ ಬರುತ್ತೆ ಸಾರ್?" ಎಂದು ಕೇಳಿದರು. ನನಗೆ ಗೊತ್ತಿಲ್ಲ. ಅಪ್ಪನಿಗೆ ಹೆಜ್ಜೆ ಲೆಕ್ಕ ಗೊತ್ತು, ಅಡಿ ಲೆಕ್ಕ ಗೊತ್ತಿಲ್ಲ. ಆಫೀಸಿನಲ್ಲಿ ಒಬ್ಬರು "ಗೂಗಲ್ ಅರ್ಥ್‌ನಲ್ಲಿ ಅಳೆಯಿರಿ, ಐದು ನಿಮಿಷದ ಕೆಲಸ" ಎಂದರು. ನಂಬಬಹುದಾ? ಜೊತೆಗೆ ಬೆಂಗಳೂರಿನ ಹೊರಗೆ ಒಂದು ಸೈಟ್ ಕೂಡ ನೋಡುತ್ತಿದ್ದೇವೆ. ಅದಕ್ಕೂ ಇದು ಉಪಯೋಗಕ್ಕೆ ಬರುತ್ತದಾ? ಕೆಲಸಕ್ಕೋ ಮನೆಗೋ ಇಂಥ ನಕ್ಷೆ ಬಳಸಿದವರು ಏನು ಅನುಕೂಲ ಆಯಿತು, ಎಲ್ಲಿ ಮೋಸ ಹೋದಿರಿ, ಎರಡನ್ನೂ ಹೇಳಿ.

ತೀರ್ಥಹಳ್ಳಿ ಕಡೆ, ಅಡಿಕೆ ತೋಟ

ಬೇಲಿ ಅಂದಾಜಿಗೆ ಧಾರಾಳವಾಗಿ ನಂಬಿ ಮಾರಾಯ್ರೆ. ಕಂಪ್ಯೂಟರಿಗೆ ಗೂಗಲ್ ಅರ್ಥ್ ಪ್ರೊ ಇಳಿಸಿಕೊಳ್ಳಿ. ಮೊದಲು ಅದಕ್ಕೆ ವರ್ಷಕ್ಕೆ 399 ಡಾಲರ್ ಇತ್ತು, 2015ರಿಂದ ಪುಕ್ಕಟೆ. ಅದರಲ್ಲಿ ಅಳತೆಪಟ್ಟಿಯ ಗುರುತು ಒತ್ತಿ, ಬದುವಿನ ಮೇಲೆ ಚುಕ್ಕಿ ಇಡುತ್ತಾ ಸುತ್ತು ಬಂದರೆ ಸುತ್ತಳತೆ, ವಿಸ್ತೀರ್ಣ ಎರಡೂ ಬರುತ್ತವೆ.

ಎಕರೆ ಲೆಕ್ಕ ಹಿಡಿದು ಬೇಲಿ ಲೆಕ್ಕ ಮಾಡಬೇಡಿ. ನಿಮ್ಮ 2 ಎಕರೆ 10 ಗುಂಟೆ ಅಂದರೆ 90 ಗುಂಟೆ. ಒಂದು ಗುಂಟೆ ಎಂದರೆ 33 ಅಡಿಯ ಚೌಕ. ಜಮೀನು ಸರಿಯಾದ ಚೌಕವಾಗಿದ್ದರೆ ಸುತ್ತಳತೆ 1252 ಅಡಿ. ಅದೇ 90 ಗುಂಟೆ 165 ಅಡಿ ಅಗಲ, 594 ಅಡಿ ಉದ್ದದ ಪಟ್ಟಿಯಾಗಿದ್ದರೆ 1518 ಅಡಿ. ಎಂಟು ಅಡಿಗೆ ಒಂದು ಕಂಬ ಅಂದರೆ ಮೊದಲನೆಯದಕ್ಕೆ 157, ಎರಡನೆಯದಕ್ಕೆ 190. ಮೂವತ್ತಮೂರು ಕಂಬದ ವ್ಯತ್ಯಾಸ! ಅಣ್ಣತಮ್ಮಂದಿರು ಪಾಲಾದ ಜಮೀನೆಲ್ಲ ಪಟ್ಟಿಯ ಹಾಗೇ ಇರುತ್ತದೆ ಅಲ್ವಾ? ಆಕಾರ ನೋಡದೆ ಅಂದಾಜು ಹಾಕಿದರೆ ಕಂಬ ಸಾಲದೆ ಇನ್ನೊಂದು ಟ್ರಿಪ್ ಗಾಡಿ ಬಾಡಿಗೆ ಬೀಳುತ್ತದೆ.

ನಿಮ್ಮ ಕಡೆ ಸಪಾಟು ನೆಲ, ಅಷ್ಟು ಸಾಕು. ನಮ್ಮಲ್ಲಿ ಗುಡ್ಡ. ಮೇಲಿಂದ ಅಳೆದದ್ದು ಮಟ್ಟಸದ ಅಳತೆ. 30 ಡಿಗ್ರಿ ಇಳಿಜಾರು ಇದ್ದರೆ ನಕ್ಷೆಯಲ್ಲಿ 100 ಮೀಟರ್ ಬಂದದ್ದು ನೆಲದ ಮೇಲೆ 115 ಆಗುತ್ತದೆ. ತಂತಿ ನೆಲದ ಮೇಲೇ ಹೋಗಬೇಕಲ್ಲ.

ಮರ ಎಣಿಸಲಿಕ್ಕೂ ಆಗುತ್ತದೆ. ತೆಂಗಿನ ತಲೆ ಮೇಲಿಂದ ನಕ್ಷತ್ರದ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ, ಕೂತಲ್ಲೇ ಎಣಿಸಬಹುದು. ಅಡಿಕೆ ಹಾಗಲ್ಲ, ಹಸಿರು ಕಂಬಳಿ ಹೊದಿಸಿದಂತೆ ಇರುತ್ತದೆ. ಹಾಗಾಗಿ ನಾನು ತೋಟದ ವಿಸ್ತೀರ್ಣ ತೆಗೆದು, 9 ಅಡಿ ಅಂತರಕ್ಕೆ ಎಕರೆಗೆ ಸುಮಾರು 540 ಮರ ಎಂದು ಹಿಡಿದು ಮದ್ದು ಹೊಡೆಯುವವರಿಗೆ ಲೆಕ್ಕ ಕೊಡುತ್ತೇನೆ. ಸತ್ತ ಮರ, ಖಾಲಿ ಜಾಗ ಕಳೆಯಬೇಕು ಅನ್ನಿ.

ಇನ್ನು ಮೋಸ ಹೋದ ಕಥೆ. ನಮ್ಮ ಮನೆ ಮೇಲಿನ ಕಾಡಂಚಿನಲ್ಲಿ ಒಂದು ಅಬ್ಬಿ, ಅಂದರೆ ಗುಡ್ಡದಿಂದ ಇಳಿಯುವ ನೀರಿನ ಝರಿ ಇದೆ. ಅಲ್ಲಿಂದ ಪೈಪ್ ಎಳೆದರೆ ಮೋಟಾರ್ ಇಲ್ಲದೆ ತೋಟಕ್ಕೆ ನೀರು ಚಿಮ್ಮುವ ಜೆಟ್ ತಿರುಗಬಹುದು ಎಂದು ಆಸೆ. ನಕ್ಷೆಯ ಮೇಲೆ ಬಾಣದ ಗುರುತು ಇಟ್ಟರೆ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ತೋರಿಸುತ್ತದೆ. ಅಬ್ಬಿಗೂ ತೋಟಕ್ಕೂ 14 ಮೀಟರ್ ವ್ಯತ್ಯಾಸ ತೋರಿಸಿತು. ಹತ್ತು ಮೀಟರಿಗೆ ಒಂದು ಕೆಜಿ ಒತ್ತಡ ಎಂಬ ಲೆಕ್ಕದಲ್ಲಿ ಬೇಕಾದಷ್ಟಾಯಿತು ಎಂದು ಪೈಪ್ ತಂದೇಬಿಟ್ಟೆ. ಹಾಕಿದ ಮೇಲೆ ನೀರು ಬಂತು, ಆದರೆ ಜೆಟ್ ತಿರುಗಲೇ ಇಲ್ಲ. ಸುಮ್ನೆ ಉಗುಳಿದ ಹಾಗೆ ಮಾಡಿತು. ಆಮೇಲೆ ಲೆವೆಲ್ ಪೈಪ್ ಹಿಡಿದು ಅಳೆದರೆ ಇದ್ದದ್ದು ಬರೀ 5 ಮೀಟರ್.

ಯಾಕೆ ಹೀಗೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಇಂಥ ಪುಕ್ಕಟೆ ಎತ್ತರದ ಲೆಕ್ಕಗಳಲ್ಲಿ ಹೆಚ್ಚಿನವಕ್ಕೆ ಬುಡ 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಿಟ್ಟು ಅಳೆದದ್ದು. ದಟ್ಟ ಕಾಡಿದ್ದಲ್ಲಿ ಆ ರೇಡಾರ್ ನೆಲಕ್ಕೆ ಇಳಿಯದೆ ಮರದ ನೆತ್ತಿಯ ಹತ್ತಿರದಿಂದಲೇ ವಾಪಸ್ ಹೋಗುತ್ತದೆ. ನನ್ನ ಅಬ್ಬಿ ಇದ್ದದ್ದು ಕಾಡಿನಲ್ಲಿ. ಅಂದರೆ ನಾನು ಅಳೆದದ್ದು ಅಬ್ಬಿಯನ್ನಲ್ಲ, ಮರದ ತಲೆಯನ್ನು. ಈಗ ಆ ನೀರು ದನದ ಕೊಟ್ಟಿಗೆಗೆ ಬರುತ್ತದೆ, ಪೂರ್ತಿ ದಂಡ ಆಗಲಿಲ್ಲ.

ಬೆಂಗಳೂರು, ಎರಡು ವರ್ಷ ಸೈಟ್ ಹುಡುಕಿದವರು

ಸೈಟ್ ವಿಷಯಕ್ಕೆ ನಾನು ಹೇಳುತ್ತೇನೆ. ಈಗಿನ ಚಿತ್ರ ನೋಡಬೇಡಿ, ಹಳೆಯದನ್ನು ನೋಡಿ. ಗೂಗಲ್ ಅರ್ಥ್ ಪ್ರೊನಲ್ಲಿ ಮೇಲುಗಡೆ ಗಡಿಯಾರದ ಗುರುತು ಇದೆ. ಅದನ್ನು ಒತ್ತಿದರೆ ವರ್ಷದ ಪಟ್ಟಿ ಬರುತ್ತದೆ, ಹಿಂದಕ್ಕೆ ಎಳೆಯುತ್ತಾ ಹೋಗಬಹುದು. ಬೆಂಗಳೂರಿನ ಸುತ್ತಮುತ್ತ ಸುಮಾರು ಇಪ್ಪತ್ತು ವರ್ಷದ ಚಿತ್ರಗಳು ಸಿಗುತ್ತವೆ.

ನಮಗೆ ಪೂರ್ವದ ಕಡೆ ಒಂದು ಸೈಟ್ ಬಹಳ ಹಿಡಿಸಿತ್ತು. ಮೂಲೆ ಸೈಟ್, ಎದುರಿಗೆ ಪಾರ್ಕ್. ಹಳೆಯ ಚಿತ್ರಕ್ಕೆ ಹೋದರೆ ಆ ಪಾರ್ಕ್ ಜಾಗದಲ್ಲಿ ಜೊಂಡು. ಎರಡು ಕೆರೆಗಳ ನಡುವೆ ಒಂದು ಹಸಿರು ಗೆರೆ ಸೊಟ್ಟಗೆ ಹರಿದು ನಮ್ಮ ಸೈಟಿನ ಮೂಲೆಯನ್ನು ಸವರಿಕೊಂಡು ಹೋಗಿತ್ತು. ರಾಜಕಾಲುವೆ! ಈಗಿನ ಚಿತ್ರದಲ್ಲಿ ಅಲ್ಲಿ ನೇರವಾದ ಟಾರ್ ರಸ್ತೆ. ಬ್ರೋಕರ್‌ಗೆ ತೋರಿಸಿದರೆ "ಅದು ಯಾವುದೋ ಕಾಲದ್ದು ಮೇಡಂ" ಎಂದರು. ನೀರಿಗೆ ಕಾಲ ಗೊತ್ತಾಗುತ್ತಾ? 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಎಲ್ಲರೂ ನೋಡಿದ್ದೇವೆ.

ಎರಡು ಎಚ್ಚರಿಕೆ. ಒಂದು, ಯಾವ ತಿಂಗಳ ಚಿತ್ರ ಅಂತ ನೋಡಿ, ಕೆಳಗೆ ದಿನಾಂಕ ಇರುತ್ತದೆ. ಮಳೆಗಾಲದಲ್ಲಿ ಮೋಡ ಮುಚ್ಚಿರುವುದರಿಂದ ಒಳ್ಳೆಯ ಚಿತ್ರಗಳೆಲ್ಲ ಹೆಚ್ಚಾಗಿ ಬೇಸಗೆಯವು. ಮಾರ್ಚ್ ಚಿತ್ರದಲ್ಲಿ ಕೆರೆಯೂ ಆಟದ ಮೈದಾನದ ಹಾಗೆ ಕಾಣುತ್ತದೆ. ಇನ್ನೊಂದು, ಹಳೆಯ ಚಿತ್ರದಲ್ಲಿ ಕೆರೆ ಇಲ್ಲ ಅಂದಮಾತ್ರಕ್ಕೆ ಕೆರೆ ಇರಲೇ ಇಲ್ಲ ಅಂತಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆದದ್ದು ಇವೆಲ್ಲ ಈ ಚಿತ್ರಗಳು ಬರುವುದಕ್ಕೆ ಎಷ್ಟೋ ಮೊದಲು. ಅದಕ್ಕೆ ಸರ್ವೆ ನಂಬರ್ ಹಿಡಿದು ಹಳೆಯ ಗ್ರಾಮ ನಕ್ಷೆಯನ್ನೇ ನೋಡಬೇಕು. ಸರ್ಕಾರದ ದಿಶಾಂಕ್ ಆ್ಯಪ್ ಫೋನಿಗೆ ಹಾಕಿಕೊಂಡು ಸೈಟಿನಲ್ಲಿ ನಿಂತರೆ ನೀವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಅಂತ ತೋರಿಸುತ್ತದೆ. ಬ್ರೋಕರ್ ಹೇಳಿದ ನಂಬರ್ ಒಂದು, ಅದು ತೋರಿಸಿದ ನಂಬರ್ ಇನ್ನೊಂದು ಆದದ್ದೂ ಉಂಟು. ಅಲ್ಲಿಗೆ ಮಾತುಕತೆ ಮುಗಿಸಿದೆವು.

ಮೈಸೂರು, ಶಾಮಿಯಾನ ಮತ್ತು ಅಡುಗೆ ಕಂಟ್ರಾಕ್ಟ್

ನಮ್ಮದು ಚಿಕ್ಕ ಮಾತು. ಹಳ್ಳಿಯಲ್ಲಿ ಮದುವೆ ಅಂದರೆ ಪಾರ್ಟಿಯವರು "ಬೇಕಾದಷ್ಟು ಜಾಗ ಇದೆ ಬನ್ನಿ" ಅಂತಾರೆ. ಹೋಗಿ ನೋಡಿದರೆ ಎರಡು ಪೆಂಡಾಲ್ ಹಿಡಿಸದ ಜಾಗ. ಈಗ ಲೊಕೇಶನ್ ತರಿಸಿಕೊಂಡು ಬಯಲು ಅಳೆಯುತ್ತೇನೆ. ಊಟದ ಸಾಲು ಎಲ್ಲಿ, ಒಲೆ ಎಲ್ಲಿ, ನೀರಿನ ಟ್ಯಾಂಕರ್ ಯಾವ ಕಡೆಯಿಂದ ಒಳಗೆ ಬರಬೇಕು ಎಂದು ಮುಂಚೆಯೇ ಬರೆದುಕೊಳ್ಳುತ್ತೇನೆ. ಕರೆಂಟ್ ತಂತಿ ಮಾತ್ರ ಮೇಲಿಂದ ಕಾಣಿಸುವುದಿಲ್ಲ. ಅದಕ್ಕೆ ಒಬ್ಬ ಹುಡುಗನನ್ನು ಕಳಿಸಲೇಬೇಕು.

ನಿವೃತ್ತ ಭೂಮಾಪಕರು

ಬೇಲಿ ಕೇಳಿದವರಿಗೆ ಒಂದು ಮಾತು. ಕಂಬ ಎಷ್ಟು ಬೇಕು ಎಂಬುದಕ್ಕೆ ನಕ್ಷೆ ನೋಡಿ. ಕಂಬ ಎಲ್ಲಿ ನೆಡಬೇಕು ಎಂಬುದಕ್ಕೆ ನೋಡಬೇಡಿ. ಆ್ಯಪಿನಲ್ಲಿ ಕಾಣುವ ಸರ್ವೆ ಗೆರೆ ಹಳೆಯ ಗ್ರಾಮ ನಕ್ಷೆಯನ್ನು ತಂದು ಚಿತ್ರದ ಮೇಲೆ ಕೂರಿಸಿದ್ದು. ಮೂಲ ಅಳತೆ ನಮ್ಮ ಹಿರಿಯರು 33 ಅಡಿ ಸರಪಳಿ ಎಳೆದು ಮಾಡಿದ್ದು, ಒಂದು ಸರಪಳಿಗೆ 16 ಆಣೆ. ಕೂರಿಸುವಾಗ ಆ ಕಡೆ ಈ ಕಡೆ ಸರಿಯುತ್ತದೆ. ಅದರ ಮೇಲೆ ನಿಮ್ಮ ಫೋನಿನ ಜಿಪಿಎಸ್ ಬಯಲಿನಲ್ಲೇ ಐದು ಮೀಟರ್ ಹೆಚ್ಚುಕಡಿಮೆ ತೋರಿಸುತ್ತದೆ, ತೋಟದ ನೆರಳಿನಲ್ಲಿ ಇನ್ನೂ ಜಾಸ್ತಿ.

ಐದು ಮೀಟರ್ ಎಂದರೆ 16 ಅಡಿ, ಅರ್ಧ ಸರಪಳಿ. ತೀರ್ಥಹಳ್ಳಿಯವರು ಹೇಳಿದ 594 ಅಡಿ ಉದ್ದದ ಬದುವಿನಲ್ಲಿ ಅಷ್ಟು ಸರಿದರೆ ಹತ್ತಿರ ಹತ್ತಿರ 9 ಗುಂಟೆ. ಒಂದು ಗೇಣು ಜಾಗಕ್ಕೆ ಮೂವತ್ತು ವರ್ಷ ಕೋರ್ಟಿಗೆ ಅಲೆದವರನ್ನು ಕಂಡವನು ನಾನು. ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಭೂಮಾಪಕರು ಬಂದು ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗಲಿ, ಗಡಿಯ ಬಾಂದು ಕಲ್ಲು ಸಿಗುತ್ತದಾ ನೋಡಲಿ, ಆಮೇಲೆ ಗುಂಡಿ ತೆಗೆಸಿ.

ಒಂದು ಒಳ್ಳೆಯ ಉಪಯೋಗವೂ ಇದೆ. ಬದು ಕಿತ್ತು ಉತ್ತಿದ್ದರೆ ಹಳೆಯ ಚಿತ್ರದಲ್ಲಿ ಆ ಬದು ಎಲ್ಲಿತ್ತು ಎಂದು ಕಾಣಬಹುದು. ಅದೇ ಪೂರ್ತಿ ಸಾಕ್ಷಿ ಆಗುವುದಿಲ್ಲ, ಆದರೆ ಎಲ್ಲಿ ಹುಡುಕಬೇಕು ಎಂದು ತಿಳಿಯುತ್ತದೆ.

ಧಾರವಾಡ, ಮನೆ ಮೇಲೆ ಸೋಲಾರ್ ಹಾಕಿಸಿದವರು

ನಾವು ಚಾವಣಿ ಅಳೆಯಲು ಬಳಸಿದೆವು. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಬೇಕು. ಮೂರು ಕಿಲೋವ್ಯಾಟ್‌ಗೆ ಸಬ್ಸಿಡಿ 78,000 ರೂಪಾಯಿ ಎಂದು ಕೇಳಿ ಮೂರೇ ಹಾಕಿಸೋಣ ಅಂದುಕೊಂಡೆವು. ಚಾವಣಿ ಅಳತೆ ಸರಿ ಬಂತು. ನೆರಳು ಕೈಕೊಟ್ಟಿತು. ಚಿತ್ರದಲ್ಲಿ ನಮ್ಮ ಚಾವಣಿ ಪೂರ್ತಿ ಬಿಸಿಲು. ಆದರೆ ಇಂಥ ಚಿತ್ರ ತೆಗೆಯುವ ಉಪಗ್ರಹಗಳು ಹೆಚ್ಚಿನವು ಹಾದುಹೋಗುವುದು ಬೆಳಗ್ಗೆ ಹತ್ತೂವರೆ ಆಸುಪಾಸಿಗೆ. ಆಗ ಪಡುವಣ ಕಡೆಯ ತೆಂಗಿನ ಮರದ ನೆರಳು ಆಚೆ ಮನೆ ಮೇಲೆ. ಮಧ್ಯಾಹ್ನ ಮೂರರ ಮೇಲೆ ಅದು ನಮ್ಮ ಚಾವಣಿಗೆ ಬರುತ್ತದೆ ಅನ್ನುವುದು ಚಿತ್ರಕ್ಕೆ ಹೇಗೆ ಗೊತ್ತಾಗಬೇಕು? ಒಂದು ದಿನ ಸಂಜೆಯ ತನಕ ಚಾವಣಿ ಮೇಲೆ ಕೂತು ನೋಡಿದ್ದರೆ ತಿಳಿಯುತ್ತಿತ್ತು. ಪ್ಯಾನೆಲ್ ಸಾಲನ್ನು ಮೂಡಣಕ್ಕೆ ಸರಿಸಬೇಕಾಯಿತು.

ಶಿರಾ ಕಡೆ, ಕೆರೆ ಅಚ್ಚುಕಟ್ಟಿನ ರೈತ

ಗೂಗಲ್ ಚಿತ್ರ ಚೊಕ್ಕವಾಗಿರುತ್ತದೆ, ಆದರೆ ಎರಡು ವರ್ಷ ಹಳೆಯದೂ ಇರಬಹುದು. ಈ ವಾರ ಕೆರೆಯಲ್ಲಿ ನೀರು ಎಲ್ಲಿವರೆಗೆ ಇದೆ ಅಂತ ತಿಳಿಯಬೇಕಾದರೆ ಅದು ಉಪಯೋಗವಿಲ್ಲ. ನಾನು ನೋಡುವುದು ಯುರೋಪಿನವರ ಸೆಂಟಿನೆಲ್-2 ಚಿತ್ರ. ಕೋಪರ್ನಿಕಸ್ ಬ್ರೌಸರ್ ಅಂತ ಹುಡುಕಿದರೆ ಸಿಗುತ್ತದೆ, ದುಡ್ಡಿಲ್ಲ. ಐದು ದಿನಕ್ಕೊಮ್ಮೆ ಹೊಸ ಚಿತ್ರ. ಆದರೆ ಅದರ ಒಂದೊಂದು ಚುಕ್ಕಿ 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಒಂದು ಗುಂಟೆಗೆ ಒಂದೇ ಬಣ್ಣ! ಮರ, ಬದು, ದಾರಿ ಏನೂ ಕಾಣಿಸುವುದಿಲ್ಲ. ಕೆರೆಯ ಅಂಚು ಮಾತ್ರ ಚೆನ್ನಾಗಿ ಕಾಣುತ್ತದೆ. ಜನವರಿಯಲ್ಲಿ ಹಿಂದಿನ ವರ್ಷದ ಅದೇ ವಾರದ ಚಿತ್ರ ಪಕ್ಕಕ್ಕಿಟ್ಟು ನೋಡಿ ಭತ್ತವೋ ರಾಗಿಯೋ ಅಂತ ಮಾತಾಡುತ್ತೇವೆ. ಹೂಳು ಎಷ್ಟಿದೆ ಅಂತ ಅದು ಹೇಳುವುದಿಲ್ಲ, ಅದನ್ನು ನಾವೇ ತಿಳಿಯಬೇಕು.

ಒಬ್ಬರು ಇದನ್ನೇ ತೋರಿಸಿ ಬೋರ್‌ವೆಲ್ ಪಾಯಿಂಟ್ ಮಾಡಿಕೊಡುತ್ತೇವೆ ಅಂತ ಬಂದಿದ್ದರು. ಚಿತ್ರದಲ್ಲಿ ಹಸಿರು ಕಂಡರೆ ನೆಲದ ಅಡಿಯಲ್ಲಿ ನೀರು ಕಂಡಂತಲ್ಲ. ದುಡ್ಡು ಕೊಡಬೇಡಿ.

ಕುವೈತ್‌ನಲ್ಲಿರುವ ಮಗಳು, ತವರು ಬೆಳ್ತಂಗಡಿ ಕಡೆ

ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ನಮ್ಮ ಮನೆಗೆ ವಿಳಾಸ ಅಂದರೆ "ದೈವದ ಗುಡಿ ದಾಟಿ ಎಡಕ್ಕೆ". ಉಪಗ್ರಹ ಚಿತ್ರದಲ್ಲಿ ಹೆಂಚಿನ ಮಾಡು ಗುರುತಿಸಿ, ಮಾಡಿನ ಮೇಲೆ ಪಿನ್ ಹಾಕಿ ಎಲ್ಲರಿಗೂ ಕಳಿಸಿದ್ದೆ. ಒಂದು ಸಲ ತುರ್ತಿಗೆ ವಾಹನ ಕರೆದರೆ ಅದು ತೋಡಿನ ಆಚೆ ದಡಕ್ಕೆ ಹೋಗಿ ನಿಂತಿತು. ಪಿನ್‌ಗೆ ಹತ್ತಿರದ ರಸ್ತೆ ಅದೇ, ಮಧ್ಯೆ ನೀರಿರುವುದು ಅದಕ್ಕೆ ಲೆಕ್ಕವಿಲ್ಲ. ಈಗ ಪಿನ್ ಮನೆ ಮೇಲೆ ಇಲ್ಲ. ಗೇಟಿನ ಹತ್ತಿರ, ವಾಹನ ತಿರುಗುವ ಜಾಗದಲ್ಲಿ ಇದೆ. ಆ ಜಾಗದ ಪ್ಲಸ್ ಕೋಡ್ (ವಿಳಾಸದ ಬದಲು ಗೂಗಲ್ ನಕ್ಷೆ ತೋರಿಸುವ ಕಿರು ಸಂಕೇತ) ಬರೆದು ಅಮ್ಮ ಫೋನಿನ ಹಿಂದೆ ಅಂಟಿಸಿಕೊಂಡಿದ್ದಾರೆ.

ಕೇಳಿದವರು, ಮತ್ತೆ

ಇಷ್ಟು ಜನ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಊರಿಗೆ ಹೋಗಿ ಅಪ್ಪನ ಜೊತೆ ಕೂತು ಅಳೆದೆ. ಚೌಕವೂ ಅಲ್ಲ, ಪಟ್ಟಿಯೂ ಅಲ್ಲ, ಒಂದು ಮೂಲೆ ಕಿತ್ತುಹೋದ ಹಾಗಿದೆ. 1430 ಅಡಿ ಬಂತು. ಅಪ್ಪನ ಹೆಜ್ಜೆ ಲೆಕ್ಕವನ್ನೂ ಮಾಡಿ ನೋಡಿದೆವು, ಹತ್ತು ಹನ್ನೆರಡು ಅಡಿ ಮಾತ್ರ ವ್ಯತ್ಯಾಸ. ಅಪ್ಪ ಬೀಗಿದ್ದೇ ಬೀಗಿದ್ದು.

ಆಮೇಲೆ ಭೂಮಾಪಕರು ಹೇಳಿದ ಹಾಗೆ ಹಳೆಯ ಚಿತ್ರಗಳಿಗೆ ಹೋದೆವು. ಪಶ್ಚಿಮದ ಬದುವನ್ನು ಪಕ್ಕದವರು ನಮ್ಮ ಕಡೆಗೆ ಒತ್ತಿದ್ದಾರೆ ಅಂತ ಮನೆಯಲ್ಲಿ ಹತ್ತು ವರ್ಷದಿಂದ ಮಾತಿತ್ತು. ಚಿತ್ರದಲ್ಲಿ ಹಳೆಯ ಬದು ಸ್ಪಷ್ಟವಾಗಿ ಕಂಡಿತು. ಅದು ಇರುವುದು ಈಗಿನ ಬದುವಿನಿಂದ ನಮ್ಮ ಒಳಗಡೆ. ಅಂದರೆ ಒತ್ತಿದ್ದು ಅವರಲ್ಲ, ನಾವು. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಬೇಲಿ ಏನು ಅರ್ಜೆಂಟ್ ಇಲ್ಲ ಬಿಡು" ಎಂದು ಎದ್ದು ಹೋದರು.

ಹದ್ದುಬಸ್ತು ಅರ್ಜಿಯನ್ನು ನಾನು ಸೋಮವಾರ ಹಾಕಿ ಬಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.